ಕಾರಣ ಗೋಡೆಯ ಮೇಲಿದೆ

ತಕ್ಕಡಿ ಕಾರ್ಖಾನೆಯ ದೊಡ್ಡವರು ಹೋಗುತ್ತಾರೆಂಬ ಸುದ್ದಿ ಎಲ್ಲರಿಗೂ ತಿಳಿದದ್ದು ಒಂದು ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆಗೆ. ನೋಟೀಸು ಬೋರ್ಡಿನ ಮೇಲೆ ಒಂದು ಚೀಟಿ ಅಂಟಿತ್ತು. ಅವರದೇ ಕೈಬರಹ. ಮೂರೇ ಸಾಲು.

"ಇಂದು ಊಟದ ಬಿಡುವು ಮುಗಿದ ಮೇಲೆ ನಾನು ವ್ಯವಸ್ಥಾಪಕನ ಕುರ್ಚಿಯಲ್ಲಿ ಕೂರುವುದಿಲ್ಲ. ರಾಜೀನಾಮೆಯನ್ನು ಯಜಮಾನರಿಗೆ ಕಳುಹಿಸಿದ್ದೇನೆ. ಕಾರಣ ಗೋಡೆಯ ಮೇಲಿದೆ."

ಮೊದಲೆರಡು ಸಾಲು ಓದಿದವರ ಕಣ್ಣು ತುಂಬಿತು. ಮೂರನೆಯ ಸಾಲು ಓದಿದ ಮೇಲೆ ತುಂಬಿದ ಕಣ್ಣಿನಲ್ಲೇ ಎಲ್ಲರೂ ಗೋಡೆಗಳನ್ನು ಹುಡುಕತೊಡಗಿದರು.

ದೊಡ್ಡವರು ಹುದ್ದೆಯಿಂದ ಮಾತ್ರ ದೊಡ್ಡವರಾದವರಲ್ಲ. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತಿದ್ದರೂ ಒಂದು ದಿನ ಗಂಟೆ ಒತ್ತಿ ಯಾರನ್ನೂ ಕರೆಸಿದವರಲ್ಲ. ಕೆಲಸವಿದ್ದರೆ ತಾವೇ ಎದ್ದು ಬಂದು, ಮೇಜಿನ ಪಕ್ಕ ನಿಂತು, "ಬಿಡುವಿದೆಯಾ?" ಎಂದು ಕೇಳುವರು. ಗೇಟಿನ ಕಾವಲುಗಾರನ ಮಗಳ ಪರೀಕ್ಷೆ ಯಾವತ್ತು ಎಂಬುದು ಕಾವಲುಗಾರನಿಗೆ ಮರೆತರೂ ಅವರಿಗೆ ನೆನಪಿರುತ್ತಿತ್ತು. ಮಳೆ ಬಂದ ದಿನ ತಮ್ಮ ಕೊಡೆಯನ್ನು ಯಾರಿಗಾದರೂ ಕೊಟ್ಟು, ತಲೆಯ ಮೇಲೆ ಫೈಲು ಇಟ್ಟುಕೊಂಡು ಬಸ್ಸಿನತ್ತ ಓಡುವರು. ಮರುದಿನ ಟೈಪಿಸ್ಟಮ್ಮ ಆ ಫೈಲಿನ ಕಾಗದಗಳನ್ನು ದಾರಕ್ಕೆ ಸಿಕ್ಕಿಸಿ ಒಣಗಿಸುತ್ತ, "ಇವರ ದಾನಧರ್ಮಕ್ಕೆ ನಾನು ಅಗಸಗಿತ್ತಿ ಆಗ್ಬಿಟ್ಟೆ" ಎಂದು ಗೊಣಗುವಳು. ಆದರೆ ಆ ದಿನಗಳಲ್ಲೇ ಅವಳ ಮುಖ ಹೆಚ್ಚು ಗೆಲುವಾಗಿರುತ್ತಿತ್ತು.

ಅಂಥವರು ಹೋಗುವುದೆಂದರೇನು?

"ಗೋಡೆ ಅಂದ್ರೆ ಯಾವ ಗೋಡೆ?" ಎಂದರು ಹೆಡ್ ಗುಮಾಸ್ತರು, ಕನ್ನಡಕವನ್ನು ಹಣೆಗೇರಿಸಿ. ಇಪ್ಪತ್ತು ವರ್ಷ ಕೆಲಸ ಮಾಡಿದ ಕಟ್ಟಡವನ್ನು ಆಗಷ್ಟೇ ಬಾಡಿಗೆಗೆ ನೋಡಲು ಬಂದವರಂತೆ ಸುತ್ತ ಕಣ್ಣಾಡಿಸಿದರು.

"ಅದೋ, ಆ ಗಡಿಯಾರ," ಎಂದಳು ಟೈಪಿಸ್ಟಮ್ಮ. "ನಾಲ್ಕು ಇಪ್ಪತ್ತಕ್ಕೆ ನಿಂತು ಎಂಟು ದಿನ ಆಯ್ತು. ಸರಿಮಾಡ್ಸಿ ಅಂತ ಎರಡು ಸಲ ಹೇಳಿದ್ರು ಪಾಪ. ಮಾಡ್ಸಿದ್ರಾ ನೀವು?"

"ಗಡಿಯಾರ ನಿಂತಿದ್ದಕ್ಕೆ ಯಾರಾದ್ರೂ ರಾಜೀನಾಮೆ ಕೊಡ್ತಾರೇನಮ್ಮಾ? ಹಾಗಿದ್ರೆ ನಮ್ಮನೆಯಿಂದ ನಾವೆಲ್ಲ ಎಂದೋ ಎದ್ದು ಹೋಗ್ಬೇಕಿತ್ತು. ಇಲ್ಲಿ ನೋಡಿ, ಯಜಮಾನರ ತಂದೆಯವರ ಫೋಟೋ. ಎಡಕ್ಕೆ ವಾಲಿದೆ. ಯಜಮಾನರಿಗೂ ಇವರಿಗೂ ಏನೋ ಮಾತು ಬಂದಿದೆ. ಕೋಪದಲ್ಲಿ ಇವರು ಫೋಟೋ ಕುಟ್ಟಿದ್ದಾರೆ."

"ಅವರು ಕೋಪದಲ್ಲಿ ಸೊಳ್ಳೆನೂ ಹೊಡಿಯೋದಿಲ್ಲ ಸಾರ್," ಎಂದ ಕಾವಲುಗಾರ. ಗೇಟನ್ನು ತೆರೆದೇ ಬಿಟ್ಟು ಅವನೂ ಒಳಗೆ ಬಂದಿದ್ದ. "ಆ ಮೂಲೇಲಿ ಒದ್ದೆ ಕಲೆ ಇದೆಯಲ್ಲ, ಅದನ್ನ ನೋಡಿ. ಥೇಟ್ ವಿಮಾನ. ಹೊರದೇಶಕ್ಕೆ ಹೋಗ್ತಿದ್ದಾರೆ."

"ಅದು ವಿಮಾನ ಅಲ್ಲಪ್ಪ, ಬಾತುಕೋಳಿ."

"ಬಾತುಕೋಳಿಗೂ ರೆಕ್ಕೆ ಇಲ್ವಾ ಸಾರ್?"

ಹತ್ತು ಗಂಟೆಯ ಹೊತ್ತಿಗೆ ಕಾರ್ಖಾನೆಯಲ್ಲಿ ನೋಡದೆ ಉಳಿದ ಗೋಡೆ ಇಲ್ಲವೆನ್ನುವಂತಾಗಿತ್ತು. ಕ್ಯಾಲೆಂಡರುಗಳನ್ನು ಎತ್ತಿ ಹಿಂದೆ ನೋಡಿದರು. ಬೀರುಗಳನ್ನು ಎಳೆದರು. ಒಂದು ಬೀರುವಿನ ಹಿಂದೆ ಹೆಡ್ ಗುಮಾಸ್ತರ ಫೌಂಟನ್ ಪೆನ್ನು ಸಿಕ್ಕಿತು. ಅದನ್ನು ಟೈಪಿಸ್ಟಮ್ಮ ತೆಗೆದಿದ್ದಾಳೆಂದು ಅವರು ನಾಲ್ಕು ವರ್ಷದಿಂದ ಅವಳೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಅವಳು ಪೆನ್ನನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಳೆಯನ್ನು ಕೊಡುವಂತೆ ಅವರ ಕೈಗೆ ಕೊಟ್ಟಳು. ಕಾರಣ ಮಾತ್ರ ಸಿಗಲಿಲ್ಲ.

ಯಾರೂ ನೋಡದೆ ಬಿಟ್ಟ ಗೋಡೆ ಒಂದೇ ಒಂದು. ಅದು ಪರೀಕ್ಷೆಯ ಕೋಣೆಯದು. ಅಲ್ಲಿ ಏಪ್ರನ್ನುಗಳು ತೂಗಾಡುವುದರಿಂದ ಅದು ಗೋಡೆಯೆಂದೇ ಯಾರಿಗೂ ಅನ್ನಿಸಿರಲಿಲ್ಲ.

ಆ ಕೋಣೆಯ ಒಡೆಯ ಪರೀಕ್ಷಕ. ಎಲ್ಲರೂ ಅವನನ್ನು ಕೂದಲೆಳೆ ಎಂದು ಕರೆಯುತ್ತಿದ್ದರು. ಕಾರ್ಖಾನೆಯ ತಕ್ಕಡಿಗಳು ಔಷಧದ ಅಂಗಡಿಗೆ, ಚಿನ್ನದ ಅಂಗಡಿಗೆ, ಶಾಲೆಯ ಪ್ರಯೋಗಶಾಲೆಗೆ ಹೋಗುವಂಥವು. ಪ್ರತಿಯೊಂದೂ ಅವನ ಮೇಜಿನ ಮೇಲೆ ನಿಂತು ಹೋಗಬೇಕು. ಎರಡು ತಟ್ಟೆಗಳಲ್ಲೂ ಸಮ ತೂಕ ಇಟ್ಟಾಗ ನಡುವಿನ ಮುಳ್ಳು ನೇರ ನಿಂತರೆ ಹಸಿರು ಚೀಟಿ. ಕೂದಲೆಳೆಯಷ್ಟು ವಾಲಿದರೂ ಕೆಂಪು ಚೀಟಿ. "ಕೂದಲೆಳೆಯಷ್ಟು ಬಿಟ್ಕೊಡಿ" ಎಂದು ಬೇಡಿದವರಿಗೆ ಅವನು, "ರೋಗಿಗೆ ಕೂದಲೆಳೆಯಷ್ಟು ವಿಷ ಹೆಚ್ಚಾದ್ರೆ ಪರವಾಗಿಲ್ವಾ?" ಎಂದು ಕೇಳುವನು. ಆ ಮಾತು ಅವನದಲ್ಲ, ಅವನ ಗುರುಗಳದು.

ಗುರುಗಳನ್ನು ಇಡೀ ಕಾರ್ಖಾನೆ ತಾತ ಎನ್ನುತ್ತಿತ್ತು. ಅವರು ತೀರಿಕೊಂಡು ಮೂರು ತಿಂಗಳ ಮೇಲೆ ಕೆಲವು ದಿನಗಳಾಗಿದ್ದವು. ಅವರ ಸ್ಟೂಲು ಮೇಜಿನ ಬಳಿ ಖಾಲಿಯಾಗಿಯೇ ಇತ್ತು. ಅವರ ಏಪ್ರನ್ನು ಗೋಡೆಯ ಮೊಳೆಗೆ ತೂಗುತ್ತಲೇ ಇತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಒಂಬತ್ತು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಕಲಿತ ಕೂದಲೆಳೆ ಇಂದಿಗೂ ಆ ಪಕ್ಕದ ಸ್ಟೂಲಿನಲ್ಲೇ ಕೂರುತ್ತಿದ್ದ.

ಅವನಿಗೊಂದು ಹೆಮ್ಮೆಯಿತ್ತು. ಆ ಒಂಬತ್ತು ವರ್ಷದಲ್ಲಿ ಅವನು ಸ್ವಂತ ಕೈಯಿಂದ ಮಾಡಿದ ಒಂದು ತಕ್ಕಡಿಗೂ ಕೆಂಪು ಚೀಟಿ ಬಂದದ್ದಿಲ್ಲ. ಮಾಡಿ ತಂದಾಗಲೆಲ್ಲ ತಾತ, "ಇಟ್ಟು ಹೋಗಪ್ಪ, ಊಟ ಆದ್ಮೇಲೆ ನೋಡ್ತೀನಿ" ಎನ್ನುವರು. ಊಟ ಮುಗಿಸಿ ಬಂದರೆ ಹಸಿರು ಚೀಟಿ ನಗುತ್ತಿರುತ್ತಿತ್ತು. ನೂರಕ್ಕೂ ಹೆಚ್ಚು ಹಸಿರು ಚೀಟಿಗಳನ್ನು ಅವನ ಹೆಂಡತಿ ದಾರದಲ್ಲಿ ಪೋಣಿಸಿ ದೇವರ ಗೂಡಿನ ಪಕ್ಕ ತೂಗುಹಾಕಿದ್ದಳು.

ಅಂದು ಬೆಳಗ್ಗೆ ಅವನು ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಚೀಟಿ ಓದಿ, ಎಲ್ಲರಂತೆ ಮರುಗಿ, ತನ್ನ ಏಪ್ರನ್ನು ತೊಡಲು ಗೋಡೆಯ ಮೊಳೆಗೆ ಕೈ ಹಾಕಿದ. ಏಪ್ರನ್ನು ಬಂತು. ಅದರ ಹಿಂದೆ ಒಂದು ಹಳೆಯ ತಗಡಿನ ಫಲಕ ಕಾಣಿಸಿತು. ಹದಿನೆಂಟು ವರ್ಷದ ಹಿಂದೆ ದೊಡ್ಡವರೇ ಬರೆಸಿ ಹಾಕಿಸಿದ ನಿಯಮಗಳ ಫಲಕ. ದಿನಾ ಅದರ ಮೇಲೆಯೇ ಏಪ್ರನ್ನು ತೂಗುಹಾಕುತ್ತಿದ್ದ ಅವನು ಅದನ್ನು ಓದಿ ಯಾವ ಕಾಲವಾಗಿತ್ತೋ.

"ಒಂದು: ಕಚೇರಿಯಲ್ಲಿ ಕೂತು ಕೆಲಸ ಮಾಡುವ ಪ್ರತಿಯೊಬ್ಬರೂ, ವ್ಯವಸ್ಥಾಪಕನೂ ಸೇರಿ, ತಿಂಗಳ ಮೊದಲ ಕೆಲಸದ ದಿನ ಒಂದು ತಕ್ಕಡಿಯನ್ನು ಸ್ವಂತ ಕೈಯಿಂದ ಮಾಡತಕ್ಕದ್ದು. ಎರಡು: ತಕ್ಕಡಿಯ ಅಡಿಯಲ್ಲಿ ಸಂಖ್ಯೆ ಇರತಕ್ಕದ್ದು, ಹೆಸರು ಇರಕೂಡದು. ಮೂರು: ಸತತ ಮೂರು ತಿಂಗಳು ಕೆಂಪು ಚೀಟಿ ಪಡೆದವರು ತಮ್ಮ ಕುರ್ಚಿ ಬಿಟ್ಟು..."

ಅಲ್ಲಿಗೆ ಕೂದಲೆಳೆ ಓದುವುದನ್ನು ನಿಲ್ಲಿಸಿದ. ಮುಂದಿನ ಸಾಲುಗಳು ತಾತನ ಏಪ್ರನ್ನಿನ ಹಿಂದೆ ಇದ್ದವು. ಅದನ್ನು ಸರಿಸಿ ಓದುವಷ್ಟು ತ್ರಾಣ ಉಳಿಯಲಿಲ್ಲ. ಏಕೆಂದರೆ ಹಿಂದಿನ ದಿನ, ಸೋಮವಾರ ಸಂಜೆ, ಅವನು ಏಳನೆಯ ಸಂಖ್ಯೆಯ ತಕ್ಕಡಿಗೆ ಕೆಂಪು ಚೀಟಿ ಅಂಟಿಸಿದ್ದ. ಹೋದ ತಿಂಗಳೂ ಅಂಟಿಸಿದ್ದ. ಅದರ ಹಿಂದಿನ ತಿಂಗಳೂ ಅಂಟಿಸಿದ್ದ. ಉಳಿದ ಸಂಖ್ಯೆಗಳು ಒಂದು ತಿಂಗಳು ಕೆಂಪಾದರೆ ಮತ್ತೊಂದು ತಿಂಗಳು ಹೇಗೋ ಹಸಿರಾಗುತ್ತಿದ್ದವು, ಮೂರಕ್ಕೆ ಮೂರೂ ಕೆಂಪಾದದ್ದು ಇದೊಂದೇ. ಪ್ರತಿ ಸಲವೂ, "ಯಾರಪ್ಪ ಇವನು ಏಳನೆಯವನು, ಕೈಯೋ ಕಾಲೋ?" ಎಂದು ತನ್ನಷ್ಟಕ್ಕೆ ನಕ್ಕಿದ್ದ.

ಈಗ ನಗು ಬರಲಿಲ್ಲ.

ಯಾವ ಸಂಖ್ಯೆ ಯಾರದೆಂದು ತಿಳಿದಿದ್ದವಳು ಉಗ್ರಾಣದ ಅಕ್ಕ ಒಬ್ಬಳೇ. ಅವಳ ಬಳಿ ಒಂದು ಪುಸ್ತಕವಿತ್ತು. ಅದನ್ನು ಅವಳು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳೋ ಎದೆಯೊಳಗೋ ಯಾರಿಗೂ ಗೊತ್ತಿರಲಿಲ್ಲ. ಕೂದಲೆಳೆ ಗೋಡೆ ಹುಡುಕುವವರ ನಡುವೆ ತಲೆ ತಗ್ಗಿಸಿ ನುಸುಳಿ ಉಗ್ರಾಣ ಸೇರಿ ಬಾಗಿಲು ಹಾಕಿಕೊಂಡ.

"ಅಕ್ಕಾ, ಏಳನೇ ನಂಬರು ಯಾರದು?"

"ಹೇಳ್ಬಾರ್ದು ತಮ್ಮಾ. ನಿಯಮ."

"ದೊಡ್ಡವರದಾ?"

"ನಾನು ಹೇಳಲ್ಲ ಅಂದೆ."

"ಅವರದಲ್ಲ ಅಂತನಾದ್ರೂ ಹೇಳು."

"ಅದನ್ನೂ ಹೇಳಲ್ಲ. ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದು ಹೋಗುತ್ತೆ."

ಕೂದಲೆಳೆ ಮೊಳೆಯ ಚೀಲದ ಮೇಲೆ ಕೂತ. ಚುಚ್ಚಿದ್ದೂ ತಿಳಿಯಲಿಲ್ಲ. "ದೇವರಂಥ ಮನುಷ್ಯನ್ನ ನಾನು ಕುರ್ಚಿಯಿಂದ ಇಳಿಸಿಬಿಟ್ಟೆ ಅಕ್ಕಾ. ತಾತ ಇದ್ದಾಗ ಹದಿನೆಂಟು ವರ್ಷ ಯಾರಿಗೂ ಮೂರು ಕೆಂಪು ಬರ್ಲಿಲ್ಲ. ನಾನು ಬಂದು ಮೂರೇ ತಿಂಗಳಿಗೆ..."

ಅಕ್ಕ ಅವನನ್ನು ಒಂದು ಕ್ಷಣ ನೋಡಿದಳು. "ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?" ಎಂದಳು. ಎದ್ದು ಮೇಲಿನ ಹಲಗೆಯಿಂದ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಉಜ್ಜುವ ಸಣ್ಣ ಅರ, ಚಿಟಿಕೆ ಹಿತ್ತಾಳೆಯ ಪುಡಿ, ಒಂದು ಮೆತ್ತನೆ ಬಟ್ಟೆ.

"ಇದು ತಾತನ ಡಬ್ಬಿ. ತಿಂಗಳ ಮೊದಲ ದಿನ ಎಲ್ಲರೂ ಊಟಕ್ಕೆ ಹೋದ್ಮೇಲೆ ಇಲ್ಲಿಗೆ ಬರೋರು. ಕಚೇರಿಯೋರ ತಕ್ಕಡಿಗಳನ್ನೆಲ್ಲ ಬಟ್ಟೇಲಿ ಸುತ್ಕೊಂಡು ಬರೋರು. ಒಂದಕ್ಕೆ ತಟ್ಟೆ ಉಜ್ಜೋದು, ಒಂದಕ್ಕೆ ಪುಡಿ ಹಚ್ಚೋದು. ಎಲ್ಲಾ ಸರಿ ಮಾಡಿ ಹಸಿರು ಚೀಟಿ ಅಂಟ್ಸೋರು. ಊಟ ಮಾಡ್ತಿರ್ಲಿಲ್ಲ. 'ಪಾಪ, ಕಾಗದ ಬರೆಯೋ ಕೈಗಳು, ಇಷ್ಟು ಮಾಡಿದ್ದೇ ಹೆಚ್ಚು' ಅನ್ನೋರು."

"ಕಚೇರಿಯೋರದು ಎಲ್ಲರದೂ?"

"ಎಲ್ಲರದೂ. ದೊಡ್ಡವರದು ಅಂತೂ..." ಎಂದು ಅಕ್ಕ ನಾಲಿಗೆ ಕಚ್ಚಿಕೊಂಡಳು.

ಹೇಳಬಾರದ್ದನ್ನು ಅವಳು ಹೇಳಿ ಆಗಿತ್ತು. ಕೂದಲೆಳೆಗೆ ತಾತನ ಮೇಲೆ ಪ್ರೀತಿ ಉಕ್ಕಿತು. ಜೊತೆಗೇ ಒಂದು ಉಪಾಯವೂ ಹೊಳೆಯಿತು. ತಾತ ಮಾಡಿದ್ದನ್ನು ತಾನೂ ಮಾಡಿದರಾಯಿತು. ಊಟದ ಬಿಡುವು ಮುಗಿಯುವುದರೊಳಗೆ ಏಳನೆಯ ತಕ್ಕಡಿಯನ್ನು ಸರಿಮಾಡಿ, ಕೆಂಪನ್ನು ಕಿತ್ತು ಹಸಿರು ಅಂಟಿಸಿ, "ನನ್ನದೇ ತಪ್ಪು" ಎಂದು ಒಪ್ಪಿಸಿಬಿಡುವುದು. ಅವನು ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಬಾಗಿಲು ತೆರೆದರೆ ಆಚೆ ಕಾವಲುಗಾರ ಕಿವಿ ಇಟ್ಟುಕೊಂಡು ನಿಂತಿದ್ದ. ಬಾಗಿಲಿನ ಜೊತೆ ಅವನೂ ಒಳಗೆ ಬಂದ.

"ನಾನು ಗೋಡೆ ನೋಡ್ತಿದ್ದೆ," ಎಂದ ಕಾವಲುಗಾರ.

ಅಲ್ಲಿಂದ ಮುಂದೆ ಸುದ್ದಿಗೆ ಕಾಲು ಬಂತು. ಕೂದಲೆಳೆ ಬಾಗಿಲು ಹಾಕಿಕೊಂಡು ಅಕ್ಕನೊಡನೆ ಮಾತಾಡಿದ್ದಾನೆ, ಹೊರಗೆ ಬರುವಾಗ ಕಂಕುಳಲ್ಲಿ ಡಬ್ಬಿ ಇತ್ತು, ಮುಖ ಸುಣ್ಣದಂತಿತ್ತು. ಇದಿಷ್ಟು ಹನ್ನೊಂದು ಗಂಟೆಗೆ. ಹನ್ನೊಂದೂವರೆಗೆ ಅದು, ದೊಡ್ಡವರು ಕಾರಣವನ್ನು ಡಬ್ಬಿಯಲ್ಲಿಟ್ಟು ಕೂದಲೆಳೆಗೆ ಒಪ್ಪಿಸಿದ್ದಾರೆ ಎಂದಾಯಿತು. ಹನ್ನೆರಡಕ್ಕೆ, ಆ ಕುರ್ಚಿಗೆ ಕೂದಲೆಳೆಯೇ ಬರುತ್ತಾನೆ ಎಂದಾಯಿತು.

ಹನ್ನೆರಡೂ ಐದಕ್ಕೆ ಅವನ ಹೆಂಡತಿಯ ಫೋನು ಬಂತು. ಕಾವಲುಗಾರನ ಮನೆ ಅವರ ಮನೆಯ ಎದುರಿಗೇ ಇತ್ತು.

"ರೀ, ನೀವು ದೊಡ್ಡವರಾಗ್ತೀರಂತೆ! ನಂಗೆ ಎದುರುಮನೆಯೋರು ಹೇಳ್ಬೇಕಾ? ಇಬ್ಬರು ಬಂದು ಕೂತಿದ್ದಾರೆ, ತಮ್ಮ ಮಕ್ಕಳಿಗೆ ಕೆಲಸ ಕೊಡ್ಸಿ ಅಂತ. ಏನು ಹೇಳ್ಲಿ?"

"ನನ್ನ ಕೆಲಸ ಉಳಿಯುತ್ತಾ ನೋಡೋಣ ಅಂತ ಹೇಳು," ಎಂದು ಅವನು ಫೋನಿಟ್ಟ.

ಅವನು ಆಗ ಪರೀಕ್ಷೆಯ ಮೇಜಿನ ಕೆಳಗೆ ಕೂತಿದ್ದ. ಕೆಂಪು ಚೀಟಿಯ ತಕ್ಕಡಿಗಳನ್ನಿಡುವ ಕಪಾಟಿನಿಂದ ಏಳನೆಯದನ್ನು ಎತ್ತಿ ತಂದಿದ್ದ. ಎಡ ತಟ್ಟೆ ಭಾರ. ಸ್ವಲ್ಪ ಉಜ್ಜಿದ. ಇನ್ನೂ ಭಾರ. ಮತ್ತೆ ಉಜ್ಜಿದ. ಅರ ಕಿರುಗುಟ್ಟಿದಾಗಲೆಲ್ಲ ಅವನ ಹಲ್ಲೂ ಕಿರುಗುಟ್ಟುತ್ತಿತ್ತು. ಹಸಿರು ಚೀಟಿಯನ್ನು ನಾಲಿಗೆಗೆ ತಾಗಿಸಿ ಅರ್ಧ ಅಂಟಿಸಿದ್ದನಷ್ಟೆ, ಬಾಗಿಲಲ್ಲಿ ಹತ್ತು ಜೋಡಿ ಚಪ್ಪಲಿಗಳು ಕಾಣಿಸಿದವು.

"ಎಲ್ಲಿ ನಮ್ಮ ಹೊಸ ದೊಡ್ಡವರು?" ಎಂದಿತು ಹೆಡ್ ಗುಮಾಸ್ತರ ಚಪ್ಪಲಿ.

ಕೂದಲೆಳೆ ತಕ್ಕಡಿಯನ್ನು ಏಪ್ರನ್ನಿನ ದೊಡ್ಡ ಜೇಬಿಗೆ ತುರುಕಿಕೊಂಡು ಎದ್ದ. ತಲೆ ಮೇಜಿಗೆ ಬಡಿಯಿತು. ಜೇಬಿನಲ್ಲಿ ತಟ್ಟೆಗಳು ಠಣ್ ಎಂದವು.

"ಮೇಜಿನ ಕೆಳಗೆ ಏನು ಮಾಡ್ತಿದ್ರಿ?"

"ಗೋಡೆ... ನೆಲ ನೋಡ್ತಿದ್ದೆ."

"ನೋಡಿ ಕೂದಲೆಳೆ," ಎಂದಳು ಟೈಪಿಸ್ಟಮ್ಮ, ಮೂಗೊರೆಸಿಕೊಳ್ಳುತ್ತ. "ನೀವು ಆ ಕುರ್ಚಿಗೆ ಬಂದ್ರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ, ಇರ್ಲಿ. ಆದ್ರೆ ಅವರು ಹೋಗ್ಬಾರ್ದು. ಮನವಿಗೆ ಎಲ್ಲರೂ ಸಹಿ ಮಾಡಿದ್ದೀವಿ. ನೀವೇ ಅವರ ಹತ್ರದೋರು. ನೀವೇ ತಗೊಂಡು ಹೋಗಿ ಕೊಡಿ. ಕಾಲು ಹಿಡೀರಿ."

"ನಾನಾ?"

"ಅವರ ಮನಸ್ಸು ಗೊತ್ತಿರೋದು ನಿಮಗೊಬ್ಬರಿಗೇ ತಾನೇ?"

ಹೆಡ್ ಗುಮಾಸ್ತರು ಸಿಕ್ಕಿದ ಹಳೆಯ ಪೆನ್ನಿನಿಂದಲೇ ಮನವಿ ಬರೆದಿದ್ದರು. ನಾಲ್ಕು ವರ್ಷ ಒಣಗಿದ್ದ ಪೆನ್ನು. ಅರ್ಧ ಅಕ್ಷರಗಳು ಕಾಗದದ ಮೇಲೆ ಗೀರಾಗಿ ಮಾತ್ರ ಇದ್ದವು. ಅದನ್ನು ಕೂದಲೆಳೆಯ ಕೈಗಿಟ್ಟು, ಮದುವೆಗೆ ಒಪ್ಪದ ಗಂಡನ್ನು ಮಂಟಪಕ್ಕೆ ತಳ್ಳುವಂತೆ ಎಲ್ಲರೂ ಅವನನ್ನು ಮೆಟ್ಟಿಲ ಕಡೆಗೆ ತಳ್ಳಿದರು. ಒಂದೊಂದು ಮೆಟ್ಟಿಲಿಗೂ ಜೇಬು ಠಣ್ ಠಣ್ ಎಂದಿತು.

"ಏನ್ರೀ ಅದು, ನಡೆದ್ರೆ ಗಂಟೆ ಬಾರಿಸ್ತೀರಿ?"

"ಬೀಗದ ಕೈ," ಎಂದ ಕೂದಲೆಳೆ.

ದೊಡ್ಡವರು ಮೇಜಿನ ಖಾನೆಗಳನ್ನು ಒರೆಸುತ್ತಿದ್ದರು. ಇಪ್ಪತ್ತೆರಡು ವರ್ಷದ ನಂತರ ಅವರ ಸ್ವಂತದ್ದು ಎಂದು ಆ ಕೋಣೆಯಲ್ಲಿದ್ದದ್ದು ಒಂದು ಊಟದ ಡಬ್ಬಿ, ಒಂದು ಕನ್ನಡಕದ ಗೂಡು, ಯಾರೋ ಹಿಂದಕ್ಕೆ ಕೊಡದ ಕೊಡೆಯ ಖಾಲಿ ಚೀಲ. ಅವನನ್ನು ಕಂಡು ಅವರ ಮುಖ ಅರಳಿತು.

"ಬನ್ನಿ ಬನ್ನಿ. ಬಿಡುವಿದೆಯಾ?"

ಆ ಮಾತು ಕೇಳಿದ್ದೇ ಕೂದಲೆಳೆ ಮನವಿಯ ಕಾಗದವನ್ನು ಕೊಡುವ ಬದಲು ಜೇಬಿನಿಂದ ತಕ್ಕಡಿಯನ್ನು ತೆಗೆದು ಮೇಜಿನ ಮೇಲಿಟ್ಟ. ಹಸಿರು ಚೀಟಿ ಒಂದು ಮೂಲೆಯಲ್ಲಿ ಮಾತ್ರ ಅಂಟಿಕೊಂಡು ಗಾಳಿಗೆ ಪಟಪಟ ಎನ್ನುತ್ತಿತ್ತು.

"ಸಾರ್, ತಪ್ಪಾಯ್ತು. ಕೆಂಪು ಚೀಟಿ ನನ್ನ ತಪ್ಪು. ನನ್ನ ತೂಕಗಳೇ ಸರಿ ಇರ್ಲಿಲ್ಲ. ನಿಮ್ಮ ತಕ್ಕಡಿ ಸರಿಯಾಗೇ ಇದೆ."

ದೊಡ್ಡವರು ಖಾನೆಯಿಂದ ಎರಡು ಸಮ ತೂಕಗಳನ್ನು ತೆಗೆದು, ಒಂದೊಂದು ತಟ್ಟೆಗೆ ಒಂದೊಂದನ್ನು ಮೆಲ್ಲಗೆ ಇಳಿಸಿದರು. ಇಬ್ಬರೂ ಬಾಗಿ ನೋಡಿದರು. ಮುಳ್ಳು ನಿಧಾನವಾಗಿ, ಯಾವ ಅನುಮಾನಕ್ಕೂ ಎಡೆಯಿಲ್ಲದೆ, ಬಲಕ್ಕೆ ವಾಲಿತು.

"ನಿನ್ನೆ ಎಡಕ್ಕೆ ವಾಲ್ತಿತ್ತು," ಎಂದರು ದೊಡ್ಡವರು.

ಕೂದಲೆಳೆ ನೆಲ ನೋಡಿದ.

"ತಕ್ಕಡಿ ಎದುರಿಗಿಟ್ಟುಕೊಂಡು ಸುಳ್ಳು ಹೇಳೋದು ಕಷ್ಟ, ಅಲ್ವಾ? ಅದಕ್ಕೇ ನಾನು ಈ ಕಾರ್ಖಾನೆಗೆ ಸೇರಿದ್ದು." ಅವರು ನಕ್ಕು, ಹಸಿರು ಚೀಟಿಯನ್ನು ಜೋಪಾನವಾಗಿ ಕಿತ್ತು ಅವನ ಕೈಗೆ ಕೊಟ್ಟರು. "ಯಾರದು ಅಂತ ಗೊತ್ತಿಲ್ದೆ ಮೂರು ಸಲ ಕೆಂಪು ಹಾಕಿದ್ರಿ. ನಿನ್ನೆ ಸಂಜೆ ಅದನ್ನ ನೋಡಿದಾಗ ನಂಗೆ ದುಃಖ ಆಯ್ತು, ನಿಜ. ಆಮೇಲೆ ಬಸ್ಸಿನಲ್ಲಿ ಕೂತು ಯೋಚ್ನೆ ಮಾಡಿದೆ. ತಾತ ಇದ್ದಷ್ಟು ದಿನ ಹಸಿರು. ತಾತ ಹೋದ್ಮೇಲೆ ಕೆಂಪು. ನನ್ನ ಕೈ ಮೂರು ತಿಂಗಳಲ್ಲಿ ಕೆಡ್ತಾ? ಅಷ್ಟೂ ತಿಳಿಯದ ದಡ್ಡನಾ ನಾನು? ಎದ್ದು ನಿಂತು ತಾತನಿಗೆ ಕೈ ಮುಗಿದೆ. ಕಂಡಕ್ಟರು ಇಳೀತೀರಾ ಸಾರ್ ಅಂದ."

"ಸಾರ್, ಬೇರೆಯೋರಿಗೆ..."

"ಯಾರಿಗೂ ಹೇಳ್ಬೇಡಿ. ಅವರು ಎಲ್ಲರಿಗೂ ಒಂದು ಮರ್ಯಾದೆ ಕೊಟ್ಟು ಹೋಗಿದ್ದಾರೆ. ಅದು ಹಾಗೇ ಇರ್ಲಿ."

"ಆದ್ರೆ ನೀವು ಎಲ್ಲಿಗೆ ಹೋಗ್ತೀರಿ ಸಾರ್?"

ದೊಡ್ಡವರು ಅವನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಿಗೆ ಅಂದ್ರೆ? ಫಲಕ ಪೂರ್ತಿ ಓದಿಲ್ವಾ?"

ಊಟದ ಬಿಡುವು ಮುಗಿದ ಗಂಟೆ ಬಾರಿಸಿತು. ಅವರು ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದರು. ಕೆಳಗೆ ಎಲ್ಲರೂ ಎರಡು ಸಾಲಾಗಿ ನಿಂತಿದ್ದರು. ಹೆಡ್ ಗುಮಾಸ್ತರು ಗಂಟಲು ಸರಿಮಾಡಿಕೊಂಡು, "ಇಪ್ಪತ್ತೆರಡು ವರ್ಷಗಳ ಈ ಸುದೀರ್ಘ..." ಎಂದು ಆರಂಭಿಸಿದರು. ದೊಡ್ಡವರು ಅವರ ಬೆನ್ನು ತಟ್ಟಿ ಮುಂದೆ ನಡೆದರು. ಕಾವಲುಗಾರ ಅಳುತ್ತ ಗೇಟನ್ನು ಪೂರಾ ತೆರೆದ. ದೊಡ್ಡವರು ಗೇಟಿನ ಕಡೆಗೆ ತಿರುಗಲೇ ಇಲ್ಲ. ಪರೀಕ್ಷೆಯ ಕೋಣೆಗೆ ಹೋದರು. ಒಂದು ಖಾಲಿ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ, ಕೂದಲೆಳೆಯ ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡು ಕೂತರು.

ಎಲ್ಲರೂ ಬಾಗಿಲಲ್ಲಿ ಮುಗಿಬಿದ್ದರು. ಆಗ ದೊಡ್ಡವರು ಎದ್ದು, ಗೋಡೆಯ ಬಳಿ ಹೋಗಿ, ತಾತನ ಏಪ್ರನ್ನಿಗೆ ಕಣ್ಣೊತ್ತಿ, ಅದನ್ನು ಮೊಳೆಯಿಂದ ತೆಗೆದು ಮಡಿಸಿ ಎದೆಗೆ ಹಿಡಿದುಕೊಂಡರು. ಫಲಕ ಪೂರ್ತಿ ಕಾಣಿಸಿತು. ಟೈಪಿಸ್ಟಮ್ಮ ಗಟ್ಟಿಯಾಗಿ ಓದಿದಳು:

"ಮೂರು: ಸತತ ಮೂರು ತಿಂಗಳು ಕೆಂಪು ಚೀಟಿ ಪಡೆದವರು ತಮ್ಮ ಕುರ್ಚಿ ಬಿಟ್ಟು, ಪರೀಕ್ಷಕನ ಪಕ್ಕದಲ್ಲಿ ಕೂತು, ಹಸಿರು ಚೀಟಿ ಬರುವವರೆಗೆ ಕಲಿಯತಕ್ಕದ್ದು."

ಮೊದಲು ಕಾವಲುಗಾರ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಟೈಪಿಸ್ಟಮ್ಮ ಒಂದೇ ಮುಖದಲ್ಲಿ ಅಳುತ್ತಲೂ ನಗುತ್ತಲೂ ಇದ್ದಳು. ಹೆಡ್ ಗುಮಾಸ್ತರು, "ನಾನು ಬೆಳಗ್ಗೆನೇ ಹೇಳ್ಲಿಲ್ವಾ, ಅವರು ಎಲ್ಲೂ ಹೋಗಲ್ಲ ಅಂತ!" ಎಂದರು.

"ಅಲ್ಲಿಯವರೆಗೆ ಆ ಕುರ್ಚಿ?" ಎಂದು ಯಾರೋ ಕೇಳಿದರು.

"ಖಾಲಿ ಇರ್ಲಿ ಅಂದ್ರು ಯಜಮಾನರು," ಎಂದರು ದೊಡ್ಡವರು. "ಇವರು ಹಸಿರು ಚೀಟಿ ಕೊಟ್ಟ ದಿನ ವಾಪಸ್ ಹೋಗ್ತೀನಿ."

ಎಲ್ಲರ ಕಣ್ಣೂ ಒಮ್ಮೆಲೇ ಕೂದಲೆಳೆಯ ಮೇಲೆ ಬಿತ್ತು.

"ಓಹೋ! ಕೆಂಪು ಹಾಕಿದ್ದು ನೀವಾ?"

"ಇವತ್ತೇ ಕೊಟ್ಬಿಡ್ರೀ ಹಸಿರು, ನಿಮ್ಮಪ್ಪನ ಮನೆ ಗಂಟೇನು?"

"ಒಂದು ಕೂದಲೆಳೆಗೆ ಕಾರ್ಖಾನೆನೇ ಮುಳುಗಿಸ್ತೀರಲ್ರೀ!"

ದೊಡ್ಡವರು ಕೈಯೆತ್ತಿದರು. "ನನ್ನ ಗುರುಗಳ ಜೊತೆ ಹಾಗೆ ಮಾತಾಡ್ಬಾರ್ದು. ನಡೀರಿ, ಎಲ್ಲರೂ ಕೆಲಸ ನೋಡಿ." ಎಲ್ಲರನ್ನೂ ಕಳಿಸಿ ಬಾಗಿಲು ಮುಂದೆ ಮಾಡಿದರು. ಸಂಖ್ಯೆಯ ಪುಸ್ತಕದೊಡನೆ ಉಗ್ರಾಣದ ಅಕ್ಕ ಒಬ್ಬಳು ಒಳಗುಳಿದಳು. ಉಳಿದವರ ಮೂಗುಗಳು ಕಿಟಕಿಯ ಗಾಜಿಗೆ ಅಂಟಿಕೊಂಡವು.

ಗುರುಗಳು! ಕೂದಲೆಳೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಬೆಳಗಿನಿಂದ ಕುಗ್ಗಿದ್ದ ಜೀವ ಸ್ವಲ್ಪ ಹಿಗ್ಗಿತು. ದೊಡ್ಡವರು ಉಳಿದರು, ತನ್ನ ಮಾನವೂ ಉಳಿಯಿತು, ದೇವರು ದೊಡ್ಡವನು.

"ನಾಲ್ಕನೇದು ಒಂದಿದೆಯಲ್ಲ," ಎಂದರು 'ಶಿಷ್ಯರು', ಫಲಕದ ತುದಿಗೆ ಬೆರಳಿಟ್ಟು. "'ಪರೀಕ್ಷಕನ ತಕ್ಕಡಿಯನ್ನು ಅವನ ಪಕ್ಕದಲ್ಲಿ ಕೂತವರು ಪರೀಕ್ಷಿಸತಕ್ಕದ್ದು. ಮೇಲಿನ ನಿಯಮಗಳು ಅವನಿಗೂ ಅನ್ವಯ.' ತಾತ ಹೋದ್ಮೇಲೆ ನಿಮ್ಮ ತಕ್ಕಡಿಗಳನ್ನ ನೋಡಿದ್ದು ಯಾರು?"

"ಯಾರೂ ಇಲ್ಲ ಸಾರ್. ಪಕ್ಕದಲ್ಲಿ ಯಾರೂ ಕೂರ್ತಿರ್ಲಿಲ್ಲ. ಮೂರೂ ಆ ಹಲಗೆ ಮೇಲೆ ಹಾಗೇ ಇವೆ," ಎಂದ ಕೂದಲೆಳೆ ಹೆಮ್ಮೆಯಿಂದ. "ನೋಡ್ಬೇಕಾಗೇ ಇಲ್ಲ. ಒಂಬತ್ತು ವರ್ಷದಲ್ಲಿ ಒಂದೂ ಕೆಂಪಿಲ್ಲ."

"ಕೊಡಿ. ನಿಯಮ ನಿಯಮಾನೇ."

ಮೊದಲನೆಯದರ ಮುಳ್ಳು ಎಡಕ್ಕೆ ವಾಲಿತು. ಎರಡನೆಯದರದು ಬಲಕ್ಕೆ. ಮೂರನೆಯದು ಸ್ವಲ್ಪ ಹೊತ್ತು ನೇರ ನಿಂತಂತೆ ಮಾಡಿ, ಕೂದಲೆಳೆ ಉಸಿರು ಬಿಡುತ್ತಲೇ, ನಿದ್ದೆ ತೂಗಿದವರ ತಲೆಯಂತೆ ಪಕ್ಕಕ್ಕೆ ಬಿತ್ತು.

"ಇಟ್ಟು ಹೋಗಪ್ಪ, ಊಟ ಆದ್ಮೇಲೆ ನೋಡ್ತೀನಿ." ಒಂಬತ್ತು ವರ್ಷ ಕೇಳಿದ ಆ ಮಾತು ಈಗ ಮೊದಲ ಸಲ ಅವನ ಕಿವಿಗೆ ಪೂರ್ತಿಯಾಗಿ ಕೇಳಿಸಿತು. ಮನೆಯಲ್ಲಿ ದೇವರ ಗೂಡಿನ ಪಕ್ಕ ತೂಗುತ್ತಿದ್ದ ಹಸಿರು ಚೀಟಿಗಳ ಸರ ಕಣ್ಣ ಮುಂದೆ ಬಂತು.

"ಅಕ್ಕಾ," ಎಂದ ಅವನು ಕ್ಷೀಣವಾಗಿ, "ಕಚೇರಿಯೋರದು ಮಾತ್ರ ಅಂದಿದ್ದೆಯಲ್ಲ?"

"ನೀನು ಅಷ್ಟೇ ಕೇಳಿದ್ದು ತಮ್ಮಾ," ಎಂದಳು ಅಕ್ಕ.

ದೊಡ್ಡವರು ಮೂರು ಕೆಂಪು ಚೀಟಿ ಅಂಟಿಸಿದರು. ಅಂಟಿಸುವಾಗ ಅವರ ಕಣ್ಣಲ್ಲಿ ನೀರಿತ್ತು. ಅದು ನಗುವಿನದೋ ಬೇರೆಯದೋ ಹೇಳುವುದು ಕಷ್ಟ. "ಇನ್ನು ನೀವೂ ಸ್ಟೂಲು ಬಿಟ್ಟು ಇಳೀಬೇಕಲ್ಲಪ್ಪ," ಎಂದು ಪೆಟ್ಟಿಗೆಯ ಮೇಲೆ ಸರಿದು ಜಾಗ ಬಿಟ್ಟರು. ಕೂದಲೆಳೆ ಬಂದು ಅವರ ಪಕ್ಕ ಪೆಟ್ಟಿಗೆಯ ಉಳಿದರ್ಧದ ಮೇಲೆ ಕೂತ. ಹೀಗೆ ಆ ಮಧ್ಯಾಹ್ನ ಕಾರ್ಖಾನೆಗೆ ವ್ಯವಸ್ಥಾಪಕನೂ ಇರಲಿಲ್ಲ, ಪರೀಕ್ಷಕನೂ ಇರಲಿಲ್ಲ. ಒಂದು ಪೆಟ್ಟಿಗೆಯ ಮೇಲೆ ಇಬ್ಬರು ವಿದ್ಯಾರ್ಥಿಗಳಿದ್ದರು.

"ಈಗ ಕಲಿಸೋರು ಯಾರು?" ಎಂದರು ದೊಡ್ಡವರು.

ಉಗ್ರಾಣದ ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ತಾತನ ಕಣ್ಣು ಮಂಜಾಗಿ ಆರು ವರ್ಷ ಆಗಿತ್ತು ಸಾರ್," ಎಂದಳು, ಯಾರನ್ನೂ ನೋಡದೆ. "ಅವರು ಬೆರಳಿಟ್ಟು ಇಲ್ಲಿ ಉಜ್ಜು ಅನ್ನೋರು. ಅರ ಹಿಡಿದಿದ್ದು ನಾನು."

ಇಬ್ಬರು ವಿದ್ಯಾರ್ಥಿಗಳೂ ಬಾಯಿ ತೆರೆದು ಅವಳನ್ನು ನೋಡಿದರು. ಅವಳು ಹೋಗಿ, ಮೂರು ತಿಂಗಳು ಯಾರೂ ಕೂರದಿದ್ದ ತಾತನ ಸ್ಟೂಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೆಲ್ಲಗೆ ಅದರ ಮೇಲೆ ಕೂತಳು. ಡಬ್ಬಿ ತೆರೆದು ಅರ ಕೈಗೆ ತೆಗೆದುಕೊಂಡಳು. ಮರುಕ್ಷಣ ಅವಳ ದನಿಯೇ ಬೇರೆಯಾಯಿತು.

"ಹತ್ರ ಸರೀರಿ ಇಬ್ಬರೂ. ಕೈ ಚಾಚಿ. ಅಯ್ಯೋ, ಉಗುರು ನೋಡು! ಮೊದಲು ತೊಳ್ಕೊಂಡು ಬನ್ನಿ."

ಕಿಟಕಿಯಾಚೆ ಹೆಡ್ ಗುಮಾಸ್ತರ ಮೂಗು ಗಾಜಿನ ಮೇಲೆ ಚಪ್ಪಟೆಯಾಗಿತ್ತು. "ಗೊತ್ತಾಯ್ತು," ಎನ್ನುತ್ತಿದ್ದರು ಅವರು. "ಅಕ್ಕನೇ ಹೊಸ ದೊಡ್ಡವರು. ನಾನು ಬೆಳಗ್ಗೆನೇ ಹೇಳ್ಲಿಲ್ವಾ?"

ಕೈ ತೊಳೆದು ಬಂದ ಕೂದಲೆಳೆ ಒಂದು ಗಳಿಗೆ ಬಾಗಿಲಲ್ಲೇ ನಿಂತ. ಮಡಿಸಿಟ್ಟ ಏಪ್ರನ್ನು ಮೇಜಿನ ಮೇಲಿತ್ತು. ಒದ್ದೆ ಕೈಗಳನ್ನು ಹಾಗೆಯೇ ಜೋಡಿಸಿ ಅವನು ಕಣ್ಣು ಮುಚ್ಚಿದ.

"ದೇವರೇ, ನಮ್ಮೆಲ್ಲರ ಕೊರತೆಯನ್ನು ಯಾರಿಗೂ ತಿಳಿಯದ ಹಾಗೆ ತುಂಬಿಕೊಟ್ಟು ಹೋದ ಆ ಹಿರಿಯ ಜೀವವನ್ನು ನಿನ್ನ ಹತ್ತಿರ ಇಟ್ಟುಕೋ. ನಿನ್ನ ಬಳಿಯೂ ಒಂದು ತಕ್ಕಡಿ ಇದೆಯೆಂದು ಹೇಳುತ್ತಾರೆ. ಅದನ್ನು ಅವರ ಕೈಗೆ ಮಾತ್ರ ಕೊಡಬೇಡ, ಎಲ್ಲರಿಗೂ ಹಸಿರು ಚೀಟಿ ಅಂಟಿಸಿಬಿಡುತ್ತಾರೆ. ಹದಿನೆಂಟು ವರ್ಷ ನಮಗಾಗಿ ಊಟ ಬಿಟ್ಟವರು ಅವರು. ಇನ್ನಾದರೂ ಹೊತ್ತಿಗೆ ಸರಿಯಾಗಿ ಉಣ್ಣಲಿ, ಉಂಡು ನೆಮ್ಮದಿಯಾಗಿ ಒರಗಲಿ. ಅವರ ಆತ್ಮಕ್ಕೆ ಶಾಂತಿ ಸಿಗಲಿ."